ಬರುವವರ ಕೈಯಲ್ಲಿ ಕಳಿಸಿ

ಎಲ್ಲದಕ್ಕೂ ಮೂಲ ಗೋಡೆ ಗಡಿಯಾರ.

ನಾಲ್ಕು ವರ್ಷಗಳ ಹಿಂದೆ ವಾಸಪ್ಪ ಶಾರ್ಜಾದ ಕೆಲಸಕ್ಕೆ ಸಲಾಮು ಹೊಡೆದು, ಪುತ್ತಿಗೆಯಲ್ಲಿ ಮನೆ ಕಟ್ಟಿ ಒಕ್ಕಲಾದಾಗ, ಆ ಗೃಹಪ್ರವೇಶಕ್ಕೆ ಬಂದ ನೆಂಟರಿಷ್ಟರಲ್ಲಿ ಮುಕ್ಕಾಲು ಪಾಲು ಜನ ಉಡುಗೊರೆಯಾಗಿ ತಂದದ್ದು ಗೋಡೆ ಗಡಿಯಾರ. ತೂಗುಹಾಕಲು ಗೋಡೆಗಳು ಸಾಲದೆ ಉಳಿದವೆಲ್ಲ ಅಟ್ಟ ಸೇರಿದವು. ಅಂದಿನಿಂದ ಊರಿನಲ್ಲಿ ಯಾರ ಮನೆ ಒಕ್ಕಲು ಬಂದರೂ ವಾಸಪ್ಪನ ಹೆಂಡತಿ ದಮಯಂತಿ ಅಟ್ಟಕ್ಕೆ ಏಣಿ ಇಡುತ್ತಾಳೆ, ಒಂದು ಗಡಿಯಾರ ಇಳಿಸಿ ಧೂಳು ಒರೆಸುತ್ತಾಳೆ, ಬಣ್ಣದ ಕಾಗದ ಸುತ್ತುತ್ತಾಳೆ. ಹಾಗೆ ಕೊಟ್ಟದ್ದರಲ್ಲಿ ಒಂದು ಊರೆಲ್ಲ ಸುತ್ತಾಡಿ, ಮೂರು ಮನೆ ದಾಟಿ, ವಾಸಪ್ಪನ ಅಂಗಡಿ ಉದ್ಘಾಟನೆಗೆ ಮರಳಿ ಬಂದದ್ದೂ ಉಂಟು.

ಆದರೆ ಈ ಆದಿತ್ಯವಾರದ ಒಕ್ಕಲು ಬೇರೆ ಯಾರದ್ದೋ ಅಲ್ಲ, ಕುಂಞಮ್ಮದನದ್ದು. ಶಾರ್ಜಾದ ಕೋಣೆಯಲ್ಲಿ ಹದಿನಾಲ್ಕು ವರ್ಷ ಒಂದೇ ಎರಡಂತಸ್ತಿನ ಕಬ್ಬಿಣದ ಮಂಚದಲ್ಲಿ ಕೆಳಗಡೆ ಕುಂಞಮ್ಮದ್, ಮೇಲ್ಗಡೆ ವಾಸಪ್ಪ. ಕುಂಞಮ್ಮದನ ಉಪ್ಪ, ಅಂದರೆ ಅವನ ತಂದೆ, ಸೇತುವೆ ಬರುವ ಮೊದಲು ಕುಂಬಳೆ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದವರು. ರಾತ್ರಿ ದೀಪ ಆರಿಸಿದ ಮೇಲೆ ಕುಂಞಮ್ಮದ್ ಆ ದೋಣಿಯ ಕತೆ ಶುರುಮಾಡುತ್ತಿದ್ದ. ನೆರೆಯಲ್ಲಿ ಮದುವಣಗಿತ್ತಿಯನ್ನು ದಾಟಿಸಿದ್ದು, ನಡುಹೊಳೆಯಲ್ಲಿ ಎಮ್ಮೆ ದೋಣಿಯಿಂದ ಹಾರಿದ್ದು. ಗುಡ್ಡದ ಮೇಲೆ ಹುಟ್ಟಿ ಬೆಳೆದ ವಾಸಪ್ಪನಿಗೆ ಕೇಳಿ ಕೇಳಿ ಮೇಲಿನ ಮಂಚವೇ ತೇಲಿದಂತಾಗಿ ಅದರ ಅಂಚು ಹಿಡಿದುಕೊಂಡದ್ದುಂಟು. ಆ ದೋಣಿಯನ್ನು ಮಾತ್ರ ಅವನು ಕಣ್ಣಾರೆ ಕಂಡವನಲ್ಲ.

"ಕುಂಞಮ್ಮದನಿಗೆ ಗಡಿಯಾರ ಕೊಟ್ಟರೆ ನಾನು ಮನುಷ್ಯನೇ ಅಲ್ಲ. ಒಂದು ದೋಣಿ ಕೊಡ್ತೇನೆ. ಶೋಕೇಸಿನಲ್ಲಿ ಇಡುವಂಥದ್ದು. ಅವನು ಕಣ್ಣೀರು ಹಾಕಬೇಕು" ಎಂದು ಅವನು ಹೆಂಡತಿಯಲ್ಲಿ ಹೇಳಿದ.

"ನಿಮ್ಮ ಕೆಲಸ ನೋಡಿ ಯಾರು ಕಣ್ಣೀರು ಹಾಕಲಿಕ್ಕುಂಟೋ ದೇವರಿಗೇ ಗೊತ್ತು" ಎಂದ ದಮಯಂತಿ, ಯಾವುದಕ್ಕೂ ಇರಲಿ ಎಂದು ಏಣಿ ಹತ್ತಿರವೇ ಇಟ್ಟುಕೊಂಡಳು.

ವಾಸಪ್ಪ ಮೊಬೈಲಿನ ಹರಾಜು ಆ್ಯಪಿನಲ್ಲಿ ಹುಡುಕಿದ. ಒಂದು ದೋಣಿ ಸಿಕ್ಕಿಯೇ ಸಿಕ್ಕಿತು. 'ಹಳೆಯ ಮರದ ದೋಣಿ. ಪೂರ್ತಿ ಕೈಕೆಲಸ. ಅಪರೂಪದ್ದು' ಎಂದು ಬರೆದಿತ್ತು. ಹಸಿರು ತಾರ್ಪಾಲಿನ ಎದುರು ತೆಗೆದ ಫೋಟೊ. ಕಪ್ಪಗೆ ಮಿರಮಿರ ಮಿಂಚುವ ಮರ, ಮೂತಿಯ ಹತ್ತಿರ ಸಣ್ಣದೊಂದು ತಗಡಿನ ತೇಪೆ. ಅಡಿಯಲ್ಲಿ 'ಇನ್ನಷ್ಟು ಓದಿ' ಎಂದೂ ಇತ್ತು. ಮೊಬೈಲಿನಲ್ಲಿ ಇನ್ನಷ್ಟು ಓದಿದವರು ಯಾರು? ಮಾರುವವನ ಹೆಸರು 'ಕಡಲತಡಿ ಆಂಟಿಕ್ಸ್', ಊರು ಕುಂಬಳೆ. ಕೂಗಿದರೆ ಕೇಳುವಷ್ಟು ಹತ್ತಿರ! ವಾಸಪ್ಪ ಏಳುನೂರ ಐವತ್ತಕ್ಕೆ ಕೂಗಿದ. ಅವನ ಮೇಲೆ ಕೂಗಲು ಒಂದು ನರಪಿಳ್ಳೆಯೂ ಬರಲಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಒಳ್ಳೆಯ ವಸ್ತುವನ್ನು ಗುರುತಿಸುವ ಕಣ್ಣು ತನಗೊಬ್ಬನಿಗೇ ಇರುವುದು ಎಂದು ಅವನಿಗೆ ಹೆಮ್ಮೆಯಾಯಿತು.

ಆದಿತ್ಯವಾರ ಬೆಳಿಗ್ಗೆ ಸೀತಾಂಗೋಳಿಯ ತನ್ನ ಕೊಡೆ-ಚೀಲ ರಿಪೇರಿ ಅಂಗಡಿಯ ಬಾಗಿಲು ತೆಗೆಯುವಾಗ ಮೊಬೈಲು ಕಿಣಿಕಿಣಿ ಎಂದಿತು. ಹರಾಜು ಗೆದ್ದಿದ್ದ. ಏಳುನೂರ ಐವತ್ತು ರೂಪಾಯಿ ಖಾತೆಯಿಂದ ಹೋಗಿಯೂ ಆಗಿತ್ತು. ಕೆಳಗೆ ಇನ್ನೊಂದು ಸಾಲು: ಶಿಪ್ಪಿಂಗ್ ಚಾರ್ಜು ನಾಲ್ಕು ಸಾವಿರದ ಎಂಟುನೂರು.

ವಾಸಪ್ಪ ಹಾಕಿದ ಬೊಬ್ಬೆಗೆ ಪಕ್ಕದ ಚಾ ಹೋಟೆಲಿನ ಮುದ್ದಣ್ಣ ಸೌಟು ಹಿಡಿದುಕೊಂಡೇ ಓಡಿ ಬಂದ.

"ಎಂತ ವಾಸಪ್ಪಣ್ಣ? ಹಾವಾ?"

"ಹಾವಲ್ಲ ಮಾರಾಯ, ಶಿಪ್ಪಿಂಗ್! ಏಳುನೂರ ಐವತ್ತರ ದೋಣಿಗೆ ಐದು ಸಾವಿರದ ಹತ್ತಿರ ಶಿಪ್ಪಿಂಗ್!"

"ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು" ಎಂದು ಮುದ್ದಣ್ಣ ತೀರ್ಪು ಕೊಟ್ಟ. "ಎಲ್ಲಿಂದ ಬರಬೇಕು? ಅಮೆರಿಕದಿಂದವಾ?"

"ಕುಂಬಳೆಯಿಂದ."

ಮುದ್ದಣ್ಣ ಸೌಟನ್ನು ಹಣೆಗೆ ಬಡಿದುಕೊಂಡ. ಅಷ್ಟು ಹೊತ್ತಿಗೆ ಎದುರಿನ ಸ್ಟ್ಯಾಂಡಿನಿಂದ ಪಿಕಪ್ ಓಡಿಸುವ ಪ್ರವೀಣನೂ ಬಂದು ಸೇರಿದ.

ಇಲ್ಲಿ ಒಂದು ಮಾತು ಹೇಳಬೇಕು. ಈ ಕಡೆಯ ಜನಕ್ಕೆ ವಸ್ತುವಿಗೆ ದುಡ್ಡು ಕೊಡುವುದು ಗೊತ್ತು, ವಸ್ತು ಬರುವುದಕ್ಕೆ ದುಡ್ಡು ಕೊಡುವುದು ಗೊತ್ತಿಲ್ಲ. ದುಬೈಯಿಂದ ಸೆಂಟು, ಮಸ್ಕತ್ತಿನಿಂದ ಹಾಲಿನ ಪುಡಿ, ಮಂಗಳೂರಿನಿಂದ ಔಷಧ ಎಲ್ಲವೂ ಬರುವುದು 'ಬರುವವರ ಕೈಯಲ್ಲಿ'. ಯಾರೋ ಬರುತ್ತಾರೆ, ಯಾರೋ ಕೊಡುತ್ತಾರೆ, ಇನ್ಯಾರೋ ತಲುಪಿಸುತ್ತಾರೆ. ವಾಸಪ್ಪನ ಮನೆಯ ಮಿಕ್ಸಿ ಕುಂಞಮ್ಮದನ ತೊಡೆಯ ಮೇಲೆ ಕೂತು ವಿಮಾನದಲ್ಲಿ ಬಂದದ್ದು. ಅಂಥ ವಾಸಪ್ಪನಲ್ಲಿ ಶಿಪ್ಪಿಂಗ್ ಕೇಳುವುದೆಂದರೆ ಅದು ಅವಮಾನ.

ಅವನು ಮಾರುವವನಿಗೆ ಮೆಸೇಜು ಹಾಕಿದ. 'ಇಷ್ಟು ಶಿಪ್ಪಿಂಗ್ ಯಾಕೆ? ಇದು ಅನ್ಯಾಯ.'

'ಸೈಜ್ ನೋಡಿ ಸರ್' ಎಂದು ಉತ್ತರ ಬಂತು.

"ಎಷ್ಟು ಸೈಜ್ ಇರಲಿಕ್ಕುಂಟು?" ಎಂದ ಮುದ್ದಣ್ಣ. "ಒಂದು ಮೊಳವಾ? ಒಂದೂವರೆ ಮೊಳವಾ?"

'ಯಾರಾದರೂ ಬರುವವರ ಕೈಯಲ್ಲಿ ಕಳಿಸಿ' ಎಂದು ವಾಸಪ್ಪ ಬರೆದ.

'ಎಷ್ಟು ಜನ ಬರ್ತಾರೆ ಸರ್?'

'ಒಬ್ಬ ಸಾಕು.'

ಅದಕ್ಕೆ ಒಂದು ನಗುವ ಮುಖ ಬಂತು. ಅದರ ಹಿಂದೆಯೇ, 'ಒಬ್ಬನಿಂದ ಆಗುವ ಕೆಲಸ ಅಲ್ಲ ಸರ್.'

"ನೋಡಿ, ಇದು ಹೆದರಿಸುವ ಉಪಾಯ. ಜನ ಹೆದರಿ ಶಿಪ್ಪಿಂಗ್ ಕಟ್ಟಬೇಕು. ನೀವು ಬಿಡಬೇಡಿ. ನಾನೇ ಬರ್ತೇನೆ ಅಂತ ಹಾಕಿ" ಎಂದು ಮುದ್ದಣ್ಣ ಹುರಿದುಂಬಿಸಿದ.

ವಾಸಪ್ಪ ಹಾಗೆಯೇ ಹಾಕಿದ. ಕೊನೆಗೆ, 'ಆಯ್ತು. ಬೇಕಾದರೆ ಬಂದು ಕೊಂಡುಹೋಗಿ. ಶಿಪ್ಪಿಂಗ್ ಬೇಡ' ಎಂಬ ಉತ್ತರದ ಜೊತೆ ಹೊಳೆ ಬದಿಯ ಒಂದು ಮರದ ಡಿಪೋದ ವಿಳಾಸ ಬಂತು. ಮುದ್ದಣ್ಣ ತಾನೇ ಚುನಾವಣೆ ಗೆದ್ದವನಂತೆ ಎಲ್ಲರಿಗೂ ಚಾ ಕೊಟ್ಟು, ದುಡ್ಡು ವಾಸಪ್ಪನ ಲೆಕ್ಕಕ್ಕೆ ಬರೆದುಕೊಂಡ.

"ವಾಸಪ್ಪಣ್ಣ, ನನ್ನ ಪಿಕಪ್ ಬೇಕಾ? ಇವತ್ತು ಬಾಡಿಗೆ ಇಲ್ಲ" ಎಂದ ಪ್ರವೀಣ.

"ಶೋಕೇಸಿನ ದೋಣಿಗೆ ಪಿಕಪ್ಪಾ? ನಾಳೆ ಒಂದು ಲಿಂಬೆಹುಳಿಗೆ ಲಾರಿ ಮಾಡು ಅಂತೀಯ" ಎಂದು ನಕ್ಕ ವಾಸಪ್ಪ, ಅಂಗಡಿಯಲ್ಲಿದ್ದ ಅತಿ ದೊಡ್ಡ ಚೀಲ ಆರಿಸಿದ. ಅದರೊಳಗೆ ಸುತ್ತಲು ಹಳೆಯ ಪೇಪರು, ದೋಣಿಗೆ ಗೀರು ಬೀಳಬಾರದೆಂದು ಮೈ ಒರೆಸುವ ತನ್ನ ಹೊಸ ಕೆಂಪು ಬೈರಾಸು ಇಟ್ಟುಕೊಂಡು ಕುಂಬಳೆ ಬಸ್ಸು ಹತ್ತಿದ.

ಡಿಪೋದಲ್ಲಿ ತಂಸೀರ್ ಎಂಬವನು ಮರದ ದಿಮ್ಮಿಯ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ಡಿಪೋ ಅವನದ್ದೇ.

"ದೋಣಿ ಕೊಂಡುಹೋಗಲಿಕ್ಕೆ ಬಂದದ್ದು."

ತಂಸೀರ್ ವಾಸಪ್ಪನನ್ನು ನೋಡಿದ. ಅವನ ಹಿಂದೆ ಯಾರಾದರೂ ಇದ್ದಾರೋ ಎಂದು ಇಣುಕಿದ. ಆಮೇಲೆ ಚೀಲ ನೋಡಿದ.

"ಚೀಲ ಎಂತಕ್ಕೆ?"

"ದೋಣಿ ಹಾಕಲಿಕ್ಕೆ."

ತಂಸೀರ್ ಮೊಬೈಲು ಕಿಸೆಗೆ ಹಾಕಿದ. "ಚೀಲ ಚಂದ ಉಂಟು" ಎಂದು ಎದ್ದು, ಹಿಂದುಗಡೆಗೆ ಕರೆದುಕೊಂಡು ಹೋಗಿ ಹಸಿರು ತಾರ್ಪಾಲು ಎಳೆದ. ಅಲ್ಲಿ ಎರಡು ತೆಂಗಿನ ಕೊರಡಿನ ಮೇಲೆ ಒಂದು ದೋಣಿ ಮಲಗಿತ್ತು. ಎಂಟು ಜನ ಆರಾಮವಾಗಿ ಕೂತು ಹೊಳೆ ದಾಟಬಹುದಾದ ದೋಣಿ.

ವಾಸಪ್ಪ ಅದರ ಬಳಿಗೆ ಹೋಗಿ ಒಳಗೆ ಬಗ್ಗಿ ನೋಡಿದ. ಈ ತುದಿಯಿಂದ ಆ ತುದಿಯವರೆಗೂ ನೋಡಿದ.

"ಇದರೊಳಗೆ ಎಲ್ಲಿ ಇಟ್ಟಿದ್ದೀರಿ? ಕಾಣುವುದಿಲ್ಲ."

"ಎಂತದ್ದನ್ನು?"

"ದೋಣಿಯನ್ನು."

"ನಿಮ್ಮ ಕೈ ಅದರ ಮೇಲೆಯೇ ಉಂಟು" ಎಂದ ತಂಸೀರ್.

ವಾಸಪ್ಪ ಬೆಚ್ಚಿ ಕೈ ತೆಗೆದ. ಮೂತಿಯ ಹತ್ತಿರ ತಗಡಿನ ತೇಪೆ ಅವನನ್ನೇ ನೋಡುತ್ತಿತ್ತು. ಫೋಟೊದಲ್ಲಿ ಉಗುರಿನಷ್ಟಿದ್ದದ್ದು ಇಲ್ಲಿ ಊಟದ ಬಟ್ಟಲಿನಷ್ಟಿತ್ತು.

ಬಿಟ್ಟು ಓಡೋಣವೇ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಆದರೆ ದುಡ್ಡು ಹೋಗಿಯಾಗಿತ್ತು. ಬರಿಗೈಯಲ್ಲಿ ಸೀತಾಂಗೋಳಿಯಲ್ಲಿ ಬಸ್ಸಿಳಿದರೆ ಮುದ್ದಣ್ಣ ಜನ್ಮಪೂರ್ತಿ ನಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನ ಕುಂಞಮ್ಮದನ ಎದುರು ಬಣ್ಣದ ಕಾಗದ ಸುತ್ತಿದ ಗಡಿಯಾರ ಹಿಡಿದು ನಿಲ್ಲಬೇಕು. ಅದು ಅವನಿಂದ ಸಾಧ್ಯವೇ ಇರಲಿಲ್ಲ. ಮತ್ತೆ, ಯೋಚಿಸಿದರೆ, ದೊಡ್ಡ ಗೆಳೆತನಕ್ಕೆ ದೊಡ್ಡ ದೋಣಿ. ತಪ್ಪೇನು?

ಅವನು ಪ್ರವೀಣನಿಗೆ ಫೋನು ಮಾಡಿದ.

"ಪ್ರವೀಣ, ಪಿಕಪ್ ಉಂಟಾ?"

"ಲಿಂಬೆಹುಳಿ ಬಂತಾ ವಾಸಪ್ಪಣ್ಣ?" ಎಂದು ಪ್ರವೀಣ ಕೇಳಿದ. ಅವನ ದನಿಯಲ್ಲಿ ಬಾಡಿಗೆ ಆಗಲೇ ಏರಿತ್ತು.

ದೋಣಿ ಎತ್ತಲು ಪೇಟೆಯಿಂದ ನೀಲಿ ಅಂಗಿಯ ಲೋಡಿಂಗ್ ಯೂನಿಯನ್ನಿನ ಹಮಾಲರು ಬಂದರು. ಅವರಲ್ಲಿ ಒಂದು ಸಭೆಯೇ ನಡೆಯಿತು. ದೋಣಿಯನ್ನು ಮರ ಎಂದು ಎಣಿಸಿದರೆ ಒಂದು ರೇಟು, ಪೀಠೋಪಕರಣ ಎಂದರೆ ಇನ್ನೊಂದು, ವಾಹನ ಎಂದರೆ ಮತ್ತೊಂದು.

"ಮರ ಅಂತ ಹಾಕಿ. ಪಾಪದವ ನಾನು" ಎಂದು ವಾಸಪ್ಪ ಅಂಗಲಾಚಿದ.

"ಮರ ಆದರೆ ಕಡಿದು ತುಂಡು ಮಾಡಿ ಹಾಕಬಹುದು. ಮಾಡುವಾ?" ಎಂದು ಅವರ ಹಿರಿಯ ವಿನಯದಿಂದಲೇ ಕೇಳಿದ.

ಕೊನೆಗೆ ವಾಹನದ ರೇಟೇ ಗಟ್ಟಿಯಾಯಿತು. "ಐಲೇಸಾ" ಎಂದು ಎತ್ತಿದರು. ದೋಣಿಯ ಅರ್ಧ ಭಾಗ ಪಿಕಪ್ಪಿನ ಹೊಟ್ಟೆಯಲ್ಲಿ, ಇನ್ನರ್ಧ ಹೊರಗೆ. ಹಿಂದಿನಿಂದ ಬರುವವರಿಗೆ ಕಾಣಬೇಕೆಂದು ತುದಿಗೆ ಕಟ್ಟಲು ಕೆಂಪು ಬಟ್ಟೆ ಬೇಕಾಯಿತು. ವಾಸಪ್ಪ ಚೀಲದಿಂದ ಬೈರಾಸು ತೆಗೆದುಕೊಟ್ಟ. ಬೆಳಗಿನಿಂದ ಅವನು ಮಾಡಿದ ತಯಾರಿಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

"ದೋಣಿ ಜಾರದ ಹಾಗೆ ಒಬ್ಬರು ಒಳಗೆ ಕೂತು ಹಿಡಿದುಕೊಳ್ಳಬೇಕು" ಎಂದ ಪ್ರವೀಣ. ಆ ಒಬ್ಬರು ಯಾರೆಂದು ಕೇಳುವ ಅಗತ್ಯ ಇರಲಿಲ್ಲ.

ಹಾಗೆ ವಾಸಪ್ಪ ದೋಣಿಯಲ್ಲಿ ಕೂತು ಗುಡ್ಡ ಹತ್ತಿದ. ದಾರಿಯಲ್ಲಿ ತಗ್ಗಿ ನೇತಾಡುತ್ತಿದ್ದ ಕೇಬಲ್ ವಯರುಗಳನ್ನು ಪಿಕಪ್ಪಿನಲ್ಲಿದ್ದ ಒಂದು ಕೋಲಿನಿಂದ ಎತ್ತಿ ಹಿಡಿದ. ಎದುರು ಬಂದ ಬೈಕಿನವರೆಲ್ಲ ಕೈಬೀಸಿದರು. ಸೀತಾಂಗೋಳಿ ಪೇಟೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿ, ಬೇರೆಯೇ ರೂಪ ಪಡೆದಿತ್ತು.

"ವಾಸಪ್ಪಣ್ಣ, ನೆರೆ ಬರುವುದು ಯಾವಾಗ?" ಎಂದು ಔಷಧದ ಅಂಗಡಿಯವನು ಗಾಬರಿಯಿಂದ ಕೇಳಿದ. "ಪಂಚಾಯತಿನವರು ದೋಣಿ ತರಿಸಿದ್ದಾರೆ ಅಂತ ಹೇಳ್ತಾರೆ. ರೆಡ್ ಅಲರ್ಟಾ?"

"ಈ ಗುಡ್ಡದ ಮೇಲೆ ಎಂತ ನೆರೆ ಮಾರಾಯ!"

"ಅಲ್ಲ, ಕೆಂಪು ಬಟ್ಟೆ ಕಟ್ಟಿದ್ದೀರಲ್ಲ?"

ಇಬ್ಬರು ಆಗಲೇ ಅಕ್ಕಿ ಕೊಂಡು ಮನೆಗೆ ಓಡಿದ್ದರು. ಮುದ್ದಣ್ಣ ಹೋಟೆಲಿನ ಮೆಟ್ಟಿಲಲ್ಲಿ ನಿಂತು ದೋಣಿಯನ್ನು ತುದಿಯಿಂದ ತುದಿಗೆ ಅಳೆದ.

"ಒಂದೂವರೆ ಮೊಳ" ಎಂದ. "ನಾನು ಆಗಲೇ ಹೇಳಿದೆ, ಸೈಜ್ ಸರಿಯಾಗಿ ಕೇಳಿ ಅಂತ."

ವಾಸಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಪಿಕಪ್ಪಿನ ಬಾಡಿಗೆ, ಲೋಡಿಂಗು, ಮುದ್ದಣ್ಣನ ಚಾ ಎಲ್ಲ ಕೂಡಿಸಿದರೆ ಅವನು ಉಳಿಸಿದ ಶಿಪ್ಪಿಂಗಿಗಿಂತ ಮುನ್ನೂರು ಹೆಚ್ಚಾಗಿತ್ತು. ಮಾಡಿದ್ದುಣ್ಣೋ ಮಹಾರಾಯ.

ಬಸ್ ಸ್ಟಾಪಿನಲ್ಲಿ ದಮಯಂತಿ ರೇಷ್ಮೆಯ ಪಟ್ಟೆ ಸೀರೆ ಉಟ್ಟು ಕಾಯುತ್ತಿದ್ದಳು. ಗಂಡನನ್ನು, ಅವನು ಕೂತ ದೋಣಿಯನ್ನು, ದೋಣಿ ಕೂತ ಪಿಕಪ್ಪನ್ನು ಒಂದೊಂದಾಗಿ ನೋಡಿದಳು. ಮುಂದಿನ ಸೀಟಿನಲ್ಲಿ ಪ್ರವೀಣನ ಪಕ್ಕ ಹತ್ತಿ ಕೂತಳು. ಅವಳ ಮಡಿಲಲ್ಲಿ ಬಣ್ಣದ ಕಾಗದ ಸುತ್ತಿದ ಚೌಕದ ಪೊಟ್ಟಣವೊಂದಿತ್ತು.

ಕುಂಞಮ್ಮದನ ಹೊಸ ಮನೆ ಪೇಟೆಯಿಂದ ತುಸು ಆಚೆ. ಅಂಗಳಕ್ಕೆಲ್ಲ ಕೆಂಪು-ಬೂದು ಕಲ್ಲಿನ ಇಂಟರ್‌ಲಾಕು, ಶಾಮಿಯಾನ, ಬಿರಿಯಾನಿಯ ಘಮ. ಪಿಕಪ್ ಒಳಗೆ ಬಂದದ್ದೇ ಉಣ್ಣುತ್ತಿದ್ದವರೆಲ್ಲ ಎದ್ದರು. ಹತ್ತಾರು ಕೈ ಸೇರಿ ದೋಣಿ ಇಳಿಯಿತು. ದಮಯಂತಿ ಗದ್ದಲದಲ್ಲಿ ಸದ್ದಿಲ್ಲದೆ ತನ್ನ ಪೊಟ್ಟಣವನ್ನು ಉಡುಗೊರೆಯ ಮೇಜಿನ ಮೇಲಿಟ್ಟಳು.

ಬಿಳಿ ಅಂಗಿ ತೊಟ್ಟು, ಬಿಳಿ ಮುಂಡು ಉಟ್ಟ ಕುಂಞಮ್ಮದ್ ಹೊರಗೆ ಬಂದ. ವಾಸಪ್ಪ ದೋಣಿಯ ಪಕ್ಕ ಎದೆಯುಬ್ಬಿಸಿ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ಹೇಳಿದ.

"ಕುಂಞಮ್ಮದ್, ನಿನ್ನ ಉಪ್ಪನ ದೋಣಿಯ ನೆನಪಿಗೆ ನನ್ನ ಒಂದು ಸಣ್ಣ ಉಡುಗೊರೆ."

ಕುಂಞಮ್ಮದ್ ಮೆಟ್ಟಿಲಿಳಿದ. ಹತ್ತಿರ ಬಂದು ತಗಡಿನ ತೇಪೆಯ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನೀರು ತುಂಬಿತು. ವಾಸಪ್ಪನಿಗೆ ಇಡೀ ದಿನದ ದಣಿವು ಇಳಿದುಹೋಯಿತು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ!

"ನೆನಪಿಗೆ ಅಲ್ಲ ಮಾರಾಯ" ಎಂದ ಕುಂಞಮ್ಮದ್. "ಇದು ಉಪ್ಪನ ದೋಣಿಯೇ. ಈ ತೇಪೆ ಉಪ್ಪ ಹೊಡೆದದ್ದು. ಎಮ್ಮೆ ಹಾರಿದಾಗ ಒಡೆದ ಜಾಗ."

ಅಷ್ಟರಲ್ಲಿ ಅವನ ಹೆಂಡತಿ ಬೀವಿ ಬಾಗಿಲಿಗೆ ಬಂದವಳು ಎದೆ ಹಿಡಿದುಕೊಂಡಳು.

"ಯಾ ಅಲ್ಲಾ! ಇದು ಪುನಃ ಬಂತಾ!"

ಬಿರಿಯಾನಿ ತಟ್ಟೆ ಹಿಡಿದಿದ್ದ ಯುವಕನೊಬ್ಬ ಅಲ್ಲೇ ಕಲ್ಲಾದ. ಕುಂಞಮ್ಮದನ ತಂಗಿಯ ಮಗ ರಾಶಿದ್ ಅವನು. ಕೊಚ್ಚಿಯಲ್ಲಿ ಕೆಲಸ, ಮನೆ ಒಕ್ಕಲಿಗೆಂದು ಬಂದಿದ್ದ.

"ಅಂಕಲ್, 'ಒಬ್ಬ ಸಾಕು' ಅಂತ ಮೆಸೇಜ್ ಹಾಕಿದ್ದು ನೀವಾ?"

"ಕಡಲತಡಿ ಆಂಟಿಕ್ಸ್ ನೀನಾ?" ಎಂದ ವಾಸಪ್ಪನ ಎದೆಯ ಉಬ್ಬು ಇಳಿಯಿತು.

ಬೀವಿಯೇ ಬಿಡಿಸಿ ಹೇಳಿದಳು. "ಹೊಸ ಮನೆಗೆ ಈ ಹಳೆ ಮರ ತರಲಿಕ್ಕಿಲ್ಲ ಅಂತ ನಾನು ಹೇಳಿದ್ದು ವಾಸಪ್ಪಣ್ಣ. ಜಾಗ ಎಲ್ಲುಂಟು? ಕಾರು ಇಡುವುದಾ, ದೋಣಿ ಇಡುವುದಾ? ಮಾರುವ ಅಂತ ಇವರೇ ಒಪ್ಪಿದ್ದು. ತಂಸೀರನ ಡಿಪೋದಲ್ಲಿ ಇಡಿಸಿ, ಈ ರಾಶಿದನ ಕೈಯಲ್ಲಿ ಎರಡು ತಿಂಗಳಿಂದ ಮೊಬೈಲಿನಲ್ಲಿ ಹಾಕಿಸಿ ಕೂತಿದ್ದಾರೆ, ಒಬ್ಬನೂ ತೆಗೆದುಕೊಳ್ಳಲಿಲ್ಲ."

"ತೆಗೆದುಕೊಳ್ಳುವುದು ಹೇಗೆ?" ಎಂದು ವಾಸಪ್ಪನಿಗೆ ರೋಷ ಉಕ್ಕಿತು. "ಕುಂಬಳೆಯಿಂದ ಇಲ್ಲಿಗೆ ನಾಲ್ಕು ಸಾವಿರದ ಎಂಟುನೂರು ಶಿಪ್ಪಿಂಗ್! ದರೋಡೆ ಅಲ್ಲವಾ ಇದು?"

ಬೀವಿ ಮೆಲ್ಲನೆ ರಾಶಿದನ ಕಡೆ ತಿರುಗಿದಳು. "ಅಷ್ಟು ಶಿಪ್ಪಿಂಗ್ ಇಟ್ಟದ್ದು ಯಾರು?"

ರಾಶಿದ್ ಬಿರಿಯಾನಿ ನೋಡಿದ. ಆಮೇಲೆ ಮಾಮನನ್ನು ನೋಡಿದ. ಅಂಗಳದಲ್ಲಿದ್ದವರೆಲ್ಲ ಕುಂಞಮ್ಮದನನ್ನು ನೋಡಿದರು. ಕುಂಞಮ್ಮದ್ ದೋಣಿಯನ್ನು ನೋಡಿದ.

"ನಾನೇ ಹೇಳಿದ್ದು" ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ನೀನು ಮಾರಲಿಕ್ಕೆ ಹೇಳಿದೆ, ಮಾರಲಿಕ್ಕೆ ಇಟ್ಟೆ. ಉಪ್ಪನ ದೋಣಿ ಹೋಗುವುದು ನನ್ನಿಂದ ನೋಡಲಿಕ್ಕಾಗುವುದಿಲ್ಲ. ಶಿಪ್ಪಿಂಗ್ ಜೋರು ಇಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ಹಾವೂ ಸಾಯಲಿಕ್ಕಿಲ್ಲ, ಕೋಲೂ ಮುರಿಯಲಿಕ್ಕಿಲ್ಲ ಅಂತ ಎಣಿಸಿದೆ. ಇಷ್ಟಾದರೂ ತೆಗೆದುಕೊಳ್ಳುವ ಹುಚ್ಚ ಒಬ್ಬ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ." ಅವನು ವಾಸಪ್ಪನ ಹೆಗಲ ಮೇಲೆ ಕೈ ಹಾಕಿದ. "ಇದ್ದ ನೋಡು. ನನ್ನ ಮೇಲಿನ ಮಂಚದಲ್ಲೇ ಇದ್ದ."

"ನಾನು ಶಿಪ್ಪಿಂಗ್ ಕೊಡಲಿಲ್ಲ" ಎಂದು ವಾಸಪ್ಪ ಮಾನ ಉಳಿಸಿಕೊಳ್ಳಲು ನೋಡಿದ. ಪಿಕಪ್ಪಿನ ಬಳಿ ನಿಂತಿದ್ದ ಪ್ರವೀಣ ಗಂಟಲು ಸರಿಮಾಡಿಕೊಂಡ.

ಬೀವಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಅವಳ ತೀರ್ಮಾನ ಬದಲಾಗಲಿಲ್ಲ. "ವಾಸಪ್ಪಣ್ಣ, ನೀವು ನಮ್ಮ ಮನೆಯವರೇ. ಬಿರಿಯಾನಿ ಉಂಡು, ದೋಣಿಯನ್ನೂ ಕೊಂಡುಹೋಗಿ. ನಿಮ್ಮ ಅಂಗಳ ದೊಡ್ಡದುಂಟಲ್ಲ. ದುಡ್ಡು ಕೊಟ್ಟು ತೆಗೆದುಕೊಂಡದ್ದೂ ನೀವೇ."

ವಾಸಪ್ಪ ಬಿರಿಯಾನಿಗೆ ಕೂತ. ಹೊರಡುವಾಗ ಬೀವಿಗೇ ಪಾಪ ಅನಿಸಿರಬೇಕು. ಉಡುಗೊರೆಗಳ ರಾಶಿಯಿಂದ ಕೈಗೆ ಸಿಕ್ಕಿದ್ದೊಂದನ್ನು ತಂದು ದಮಯಂತಿಯ ಮಡಿಲಲ್ಲಿಟ್ಟಳು. "ಬರಿಗೈಯಲ್ಲಿ ಹೋಗಬಾರದು ದಮಯಂತಿ."

ದೋಣಿ ಮತ್ತೆ ಪಿಕಪ್ ಏರಿತು. ಈ ಸಲ ಅದರೊಳಗೆ ಇಬ್ಬರು ಕೂತಿದ್ದರು. "ಮನೆಯವರೆಗೆ ಬಿಟ್ಟು ಬರ್ತೇನೆ" ಎಂದು ಕುಂಞಮ್ಮದ್ ಬಿಳಿ ಮುಂಡು ಎತ್ತಿಕಟ್ಟಿ ಹತ್ತಿಬಿಟ್ಟಿದ್ದ. ಸಂಜೆಯ ಬಿಸಿಲಿನಲ್ಲಿ ಪುತ್ತಿಗೆಯ ತಿರುವುಗಳಲ್ಲಿ ದೋಣಿ ಆಚೆಗೊಮ್ಮೆ ಈಚೆಗೊಮ್ಮೆ ವಾಲಿತು. ಕುಂಞಮ್ಮದ್ ಎಮ್ಮೆಯ ಕತೆ ಮೊದಲಿನಿಂದ ಶುರುಮಾಡಿದ. ವಾಸಪ್ಪ ದೋಣಿಯ ಅಂಚು ಹಿಡಿದುಕೊಂಡ.

ಮನೆ ಮುಟ್ಟಿ, ನೆರೆಕರೆಯವರು ಕೂಡಿ ದೋಣಿಯನ್ನು ಅಂಗಳಕ್ಕೆ ಇಳಿಸಿದ ಮೇಲೂ ಕುಂಞಮ್ಮದ್ ಅದರಿಂದ ಇಳಿಯಲಿಲ್ಲ.

"ಸ್ವಲ್ಪ ಕೂತುಕೊಳ್ತೇನೆ ಮಾರಾಯ. ಇನ್ನು ಪ್ರತಿ ಆದಿತ್ಯವಾರ ಬರ್ತೇನೆ" ಎಂದು ದೋಣಿಯ ಅಂಚಿಗೆ ಒರಗಿ, "ದಮಯಂತಿ, ಒಂದು ಚಾ ಸಿಗಬಹುದಾ?" ಎಂದು ಕೂಗಿದ.

ಪ್ರವೀಣ ಕೈ ಚಾಚಿ ನಿಂತಿದ್ದ. "ವಾಸಪ್ಪಣ್ಣ, ಇಲ್ಲಿಯವರೆಗಿನದ್ದು ಬೇರೆ."

ದಮಯಂತಿ ಒಲೆಯ ಮೇಲೆ ನೀರಿಟ್ಟು, ಬೀವಿ ಕೊಟ್ಟ ಪೊಟ್ಟಣವನ್ನು ದೀಪದ ಬೆಳಕಿಗೆ ಹಿಡಿದಳು. ಬೆಳಿಗ್ಗೆ ತಾನೇ ಸುತ್ತಿದ ಬಣ್ಣದ ಕಾಗದ, ತಾನೇ ಅಂಟಿಸಿದ ಟೇಪು. ಅವಳು ಅಟ್ಟಕ್ಕೆ ಏಣಿ ಇಟ್ಟಳು. ಆ ಇಡೀ ದಿನದಲ್ಲಿ ಒಂದು ಪೈಸೆ ಶಿಪ್ಪಿಂಗ್ ಇಲ್ಲದೆ, ಬರುವವರ ಕೈಯಲ್ಲಿ, ಮನೆಗೆ ಬಂದದ್ದು ಅದೊಂದೇ.